ನಾಲ್ಕೂವರೆ ವರ್ಷದ ಮಗಳಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಹಠವೋ, ಬೇರೆ ಏನಾದರೂ ಇದೆಯೋ?

ಸಂಜೆಮಲ್ಲಿಗೆ · ಸೋಮವಾರ, ರಾತ್ರಿ 11:40

ಮಗಳಿಗೆ ನಾಲ್ಕೂವರೆ ವರ್ಷ. 8:30ಕ್ಕೆ ದೀಪ ಆರಿಸಿ ಪಕ್ಕದಲ್ಲಿ ಮಲಗಿಸಿಕೊಳ್ತೀನಿ. ಅವಳಿಗೆ ನಿದ್ದೆ ಹತ್ತೋದು 10:30ಕ್ಕೆ. ನಡುವಿನ ಎರಡು ಗಂಟೆ ನೀರು ಬೇಕು, ಉಚ್ಚೆ ಬಂತು, ಹೊದಿಕೆ ಬೇಡ, ಹೊದಿಕೆ ಬೇಕು, ಇನ್ನೊಂದು ಕಥೆ, ಬಾಗಿಲು ತೆಗಿ, ಬಾಗಿಲು ಹಾಕು. ಬೆಳಿಗ್ಗೆ 7ಕ್ಕೆ ಎಬ್ಬಿಸಿದರೆ ರಚ್ಚೆ ಹಿಡೀತಾಳೆ.

ಇಷ್ಟು ದಿನ ಇದು ಹಠ ಅಂತಲೇ ಅಂದುಕೊಂಡಿದ್ದೆ. ನಿನ್ನೆ ತಾಳ್ಮೆ ಕೆಟ್ಟು ಕೈ ಎತ್ತಿದೆ. ಹೊಡೆಯಲಿಲ್ಲ. ಆದರೆ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು "ಅಮ್ಮಾ, ಕಣ್ಣು ಮುಚ್ಚಿಕೊಂಡೇ ಇದ್ದೀನಿ, ನಿದ್ದೆನೇ ಬರ್ತಿಲ್ಲ" ಅಂದಳು. ಆ ಮಾತು ಬೆಳಿಗ್ಗೆಯಿಂದ ತಲೇಲಿ ಕೂತುಬಿಟ್ಟಿದೆ. ನಿಜವಾಗಲೂ ಬರ್ತಿಲ್ಲ ಅಂದರೆ ಯಾಕೆ ಬರ್ತಿಲ್ಲ?

ಮೊಮ್ಮಕ್ಕಳ ಅಜ್ಜಿ · ಮಂಗಳವಾರ, ಬೆಳಿಗ್ಗೆ 5:55

ಮಗಳೇ, ಎತ್ತಿದ ಕೈ ಇಳಿಸಿದ್ದೀಯಲ್ಲ, ಅದನ್ನೇ ಹಿಡಿದುಕೊಂಡು ಕೊರಗಬೇಡ. ಮಗು ನಿನಗೆ ಸತ್ಯ ಹೇಳಿದೆ, ನೀನೂ ಕೇಳಿಸಿಕೊಂಡಿದ್ದೀಯ.

ನಾನು ಸಾಕಿದ ಮಕ್ಕಳಲ್ಲಿ ಒಬ್ಬನಿಗೆ ತಲೆ ದಿಂಬಿಗೆ ತಾಗುವಷ್ಟರಲ್ಲಿ ನಿದ್ದೆ. ಇನ್ನೊಬ್ಬಳು ಮನೆಯ ಎಲ್ಲರೂ ಮಲಗಿದ ಮೇಲೂ ಸೂರು ನೋಡುತ್ತಾ ಇರುತ್ತಿದ್ದಳು. ಅವಳನ್ನು "ಗುಮ್ಮ ಬರ್ತಾನೆ, ಕಣ್ಣು ಮುಚ್ಚು" ಅಂತ ಹೆದರಿಸುತ್ತಿದ್ದೆ. ಬಹಳ ವರ್ಷ ಆದ ಮೇಲೆ ಅವಳೇ ಹೇಳಿದಳು, "ಅಮ್ಮ, ಗುಮ್ಮ ಬಂದರೆ ಓಡಬೇಕಲ್ಲ, ಅದಕ್ಕೇ ಎಚ್ಚರ ಇರ್ತಿದ್ದೆ" ಅಂತ. ಮೂರರಿಂದ ಆರು ವರ್ಷದೊಳಗೆ ಮಕ್ಕಳ ಕಲ್ಪನೆ ಬಹಳ ಚುರುಕು. ಕತ್ತಲಲ್ಲಿ ನೇತುಹಾಕಿದ ಅಂಗಿ ಅವರಿಗೆ ಅಂಗಿಯಾಗಿ ಕಾಣೋದಿಲ್ಲ. ಭಯ ಏನಾದರೂ ಇದೆಯಾ ಅಂತ ಹಗಲು ಹೊತ್ತಿನಲ್ಲಿ, ಆಟದ ನಡುವೆ ಕೇಳಿ ನೋಡು. ರಾತ್ರಿ ಕೇಳಿದರೆ ಭಯವನ್ನು ನಾವೇ ನೆನಪಿಸಿದ ಹಾಗಾಗುತ್ತೆ.

ಹೊಂಗೆನೆರಳು · ಮಂಗಳವಾರ, ಬೆಳಿಗ್ಗೆ 9:10

ನಮ್ಮ ಮಗನ ವಿಷಯದಲ್ಲಿ ಒಂದು ವರ್ಷ ಹೀಗೇ ಒದ್ದಾಡಿದ್ದೀವಿ. ಮೊದಲು ಮೂರು ವಿಷಯ ಹೇಳಿ ಮೇಡಂ. ಮಧ್ಯಾಹ್ನ ಎಷ್ಟು ಹೊತ್ತು, ಎಷ್ಟು ಗಂಟೆವರೆಗೆ ಮಲಗ್ತಾಳೆ? ರಜೆ ದಿನ ಎಬ್ಬಿಸದೆ ಬಿಟ್ಟರೆ ಎಷ್ಟಕ್ಕೆ ಏಳ್ತಾಳೆ? ಮಲಗೋ ಮುಂಚಿನ ಒಂದು ಗಂಟೆ ಏನು ಮಾಡ್ತಿರ್ತಾಳೆ?

ಸಂಜೆಮಲ್ಲಿಗೆ · ಮಂಗಳವಾರ, ಮಧ್ಯಾಹ್ನ 1:20

ಡೇಕೇರ್‌ನಲ್ಲಿ 1:30ರಿಂದ 3:30ರವರೆಗೆ ಎಲ್ಲ ಮಕ್ಕಳನ್ನೂ ಮಲಗಿಸ್ತಾರೆ, ಇವಳು ಚೆನ್ನಾಗಿ ಮಲಗ್ತಾಳಂತೆ. ರಜೆ ದಿನ 8:30, ಒಮ್ಮೊಮ್ಮೆ 9. ರಾತ್ರಿ ಊಟ ಮುಗಿಸಿ ನಾನು ಅಡುಗೆಮನೆ ಒಪ್ಪ ಮಾಡೋ ಹೊತ್ತಿಗೆ ಟ್ಯಾಬ್ ಕೊಡ್ತೀನಿ, 7:30ರಿಂದ 8:15. ಅಜ್ಜಿ, ಭಯದ ಬಗ್ಗೆ ಕೇಳ್ತೀನಿ.

ಹೊಂಗೆನೆರಳು · ಮಂಗಳವಾರ, ರಾತ್ರಿ 10:05

ಹಾಗಾದರೆ ಲೆಕ್ಕ ಹಾಕೋಣ. ರಾತ್ರಿ 10:30ರಿಂದ 7, ಎಂಟೂವರೆ ಗಂಟೆ. ಮಧ್ಯಾಹ್ನ ಎರಡು. ಒಟ್ಟು ಹತ್ತೂವರೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದು 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ. ನಿಮ್ಮ ಮಗಳು ಆ ಅಂಚಿನ ಒಳಗೇ ಇದ್ದಾಳೆ. ಅವಳಿಗೆ ನಿದ್ದೆ ಇಲ್ಲ ಅಂತಲ್ಲ, ನಿದ್ದೆ ಬೇರೆ ಜಾಗದಲ್ಲಿ ಕೂತಿದೆ.

ನನಗೆ ಇದು ಅರ್ಥವಾಗೋಕೆ ಬಹಳ ದಿನ ಬೇಕಾಯ್ತು, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ. ನಿದ್ದೆ ಬರೋಕೆ ಎರಡು ಕೂಡಿ ಬರಬೇಕು. ಒಂದು, ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನೋ ರಾಸಾಯನಿಕ ಸೇರ್ತಾ ಹೋಗುತ್ತೆ, ಅದು ಹೆಚ್ಚಾದ ಹಾಗೆ ಕಣ್ಣು ಎಳೆಯುತ್ತೆ. ಮಲಗಿದರೆ ಅದು ಕರಗುತ್ತೆ. ಇನ್ನೊಂದು, ಒಳಗಿನ ಗಡಿಯಾರ. ಅದು ಬೆಳಕು ಕತ್ತಲೆ ನೋಡಿಕೊಂಡು ಮೆಲಟೋನಿನ್ ಅನ್ನೋ ಹಾರ್ಮೋನು ಬಿಡುಗಡೆ ಮಾಡಿ, ಇನ್ನು ರಾತ್ರಿ ಅಂತ ಮೈಗೆ ತಿಳಿಸುತ್ತೆ. 1982ರಲ್ಲಿ ಅಲೆಕ್ಸಾಂಡರ್ ಬೊರ್ಬೆಯಿ ಅನ್ನೋ ವಿಜ್ಞಾನಿ ಈ ಎರಡನ್ನೂ ಕೂಡಿಸಿ ಒಂದು ಮಾದರಿ ಕೊಟ್ಟರು, ಇವತ್ತಿಗೂ ಅದನ್ನೇ ಆಧಾರವಾಗಿ ಇಟ್ಟುಕೊಂಡಿದ್ದಾರೆ.

3:30ಕ್ಕೆ ಎದ್ದ ಮಗುವಿಗೆ 8:30ಕ್ಕೆ ಆಗಿರೋದು ಐದೇ ಗಂಟೆಯ ಎಚ್ಚರ. ನಾಲ್ಕೂವರೆ ವರ್ಷಕ್ಕೆ ಅದು ಸಾಲೋದಿಲ್ಲ. ರಜೆ ದಿನ 9ರವರೆಗೆ ಮಲಗೋದ್ರಿಂದ ಒಳಗಿನ ಗಡಿಯಾರವೂ ತಡಕ್ಕೆ ಸರಿದಿದೆ. ಇನ್ನೊಂದು ವಿಚಿತ್ರ ಏನಂದ್ರೆ, ದಿನಾ ನಿದ್ದೆ ಹತ್ತೋ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ ಮೈ ಇಡೀ ದಿನದಲ್ಲೇ ಅತಿ ಎಚ್ಚರವಾಗಿರುತ್ತೆ. ನೀವು ದೀಪ ಆರಿಸ್ತಿರೋದು ಸರಿಯಾಗಿ ಆ ಹೊತ್ತಿಗೆ. ನಮ್ಮನ್ನ ಸಂಜೆ ಆರಕ್ಕೆ ಕತ್ತಲ ಕೋಣೆಯಲ್ಲಿ ಮಲಗಿಸಿ ನಿದ್ದೆ ಮಾಡು ಅಂದರೆ ನಾವೂ ನೀರು ಕೇಳ್ತೀವಿ, ಬಾಗಿಲು ತೆಗಿ ಅಂತೀವಿ.

ಇನ್ನು ಟ್ಯಾಬ್. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. 3ರಿಂದ 5 ವರ್ಷದ ಮಕ್ಕಳನ್ನ ಮಲಗೋ ಮುಂಚೆ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡೋಕೆ ಬಿಟ್ಟರು. ಮೆಲಟೋನಿನ್ ಶೇಕಡಾ 88ರಷ್ಟು ಕುಸಿದಿತ್ತು, ಬೆಳಕು ತೆಗೆದು 50 ನಿಮಿಷ ಆದ ಮೇಲೂ ಹೆಚ್ಚಿನವರಲ್ಲಿ ಏರಲಿಲ್ಲ. ಹತ್ತೇ ಮಕ್ಕಳ ಮೇಲೆ ಮಾಡಿದ್ದು, ಬೆಳಕೂ ಟ್ಯಾಬ್‌ಗಿಂತ ಬಹಳ ಜೋರು, ಆದ್ದರಿಂದ ಆ ಅಂಕಿಯನ್ನ ಹಾಗೇ ನಿಮ್ಮ ಮನೆಗೆ ತರಬೇಡಿ. ಆದರೆ ಎಳೆಯ ಕಣ್ಣು ನಮ್ಮದಕ್ಕಿಂತ ಹೆಚ್ಚು ಬೆಳಕನ್ನ ಒಳಗೆ ಬಿಟ್ಟುಕೊಳ್ಳುತ್ತೆ ಅನ್ನೋದು ನಿಜ. ಟ್ಯಾಬ್ ಅಷ್ಟೇ ಅಲ್ಲ, ನೆತ್ತಿ ಮೇಲಿನ ಬಿಳಿ ದೀಪವನ್ನೂ ಸೇರಿಸಿ ಹೇಳ್ತಿದ್ದೀನಿ.

ಹತ್ತು ದಿನ ಒಂದು ಪುಸ್ತಕದಲ್ಲಿ ಬರೆದಿಡಿ. ಮಲಗಿಸಿದ್ದು, ನಿದ್ದೆ ಹತ್ತಿದ್ದು, ಎದ್ದಿದ್ದು, ಹಗಲಿನ ನಿದ್ದೆ. ಬೇರೇನೂ ಬದಲಾಯಿಸಬೇಡಿ.

ತೊಟ್ಟಿಲು · ಬುಧವಾರ, ಬೆಳಗಿನ ಜಾವ 3:15

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೆ ಏಳು ತಿಂಗಳು. ನಿದ್ದೆ ಸುಲಭವಾಗಿ ಹತ್ತುತ್ತೆ, ಎದೆಹಾಲು ಕುಡೀತಾ ಕುಡೀತಾ ಮಲಗಿಬಿಡ್ತಾನೆ. ಆದರೆ ಗಂಟೆಗೊಮ್ಮೆ ಎದ್ದು ಅಳ್ತಾನೆ. ಮತ್ತೆ ಎದೆಗೆ ಹಾಕಿಕೊಂಡರೆ ಮಾತ್ರ ಮಲಗ್ತಾನೆ. ಹಾಲು ಸಾಲ್ತಿಲ್ಲ ಅಂತ ಮನೆಯಲ್ಲಿ ಎಲ್ಲರೂ ಅಂತಾರೆ. ತೂಕ ಚೆನ್ನಾಗಿಯೇ ಏರ್ತಿದೆ.

ರಾತ್ರಿಪಾಳಿ · ಬುಧವಾರ, ಬೆಳಗಿನ ಜಾವ 4:40

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೀನಿ. ತೊಟ್ಟಿಲು ಅವರೇ, ತೂಕ ಏರ್ತಿದ್ದರೆ ಹಾಲು ಸಾಲ್ತಿದೆ ಅಂತಲೇ ಅರ್ಥ, ಆ ಮಾತನ್ನ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ದೊಡ್ಡವರ ಒಂದು ನಿದ್ದೆಯ ಸುತ್ತು ಸುಮಾರು 90 ನಿಮಿಷ. ಕೂಸಿಗೆ 50ರಿಂದ 60 ನಿಮಿಷ. ಪ್ರತಿ ಸುತ್ತು ಮುಗಿದಾಗಲೂ ಎಲ್ಲರೂ ಒಂದು ಗಳಿಗೆ ಎಚ್ಚರದ ಹತ್ತಿರ ಬರ್ತೀವಿ, ಮಗ್ಗುಲು ಬದಲಾಯಿಸಿ ಮತ್ತೆ ಮಲಗ್ತೀವಿ. ಬೆಳಿಗ್ಗೆ ನೆನಪಿರೋದಿಲ್ಲ. ಕೂಸು ಹಾಗೆ ಎಚ್ಚರವಾದಾಗ ನಿದ್ದೆ ಹತ್ತಿದಾಗ ಏನಿತ್ತೋ ಅದನ್ನೇ ಹುಡುಕುತ್ತೆ. ಎದೆಯ ಮೇಲೆ ಮಲಗಿದವನು ಕಣ್ಣು ಬಿಟ್ಟಾಗ ಎದೆ ಇಲ್ಲ. ನೀವು ಹಾಸಿಗೆಯಲ್ಲಿ ಮಲಗಿ ನಡುರಾತ್ರಿ ಅಂಗಳದಲ್ಲಿ ಕಣ್ಣು ಬಿಟ್ಟರೆ ಎಷ್ಟು ಗಾಬರಿ ಆಗುತ್ತೋ ಹಾಗೆ.

ಹಾಲು ಬಿಡಿಸಿ ಅಂತ ಹೇಳ್ತಿಲ್ಲ. ರಾತ್ರಿಯ ಮೊದಲ ನಿದ್ದೆಗೆ ಮಾತ್ರ ಹಾಲನ್ನ ಸ್ವಲ್ಪ ಮುಂಚೆ ಮುಗಿಸಿ, ಮಂಪರು ಇರುವಾಗಲೇ ಕೆಳಗೆ ಮಲಗಿಸಿ ಚುಕ್ಕು ತಟ್ಟಿ. ಹತ್ತರಲ್ಲಿ ಮೂರು ರಾತ್ರಿ ಆದರೂ ಸಾಕು, ಅಲ್ಲಿಂದ ಹೆಚ್ಚಾಗುತ್ತೆ. ಇನ್ನೊಂದು, ಕೂಸುಗಳು ಕನಸಿನ ನಿದ್ದೆಯಲ್ಲಿ ಮುಖ ಕಿವುಚ್ತಾವೆ, ಮುಲುಗ್ತಾವೆ, ಕಣ್ಣೂ ಅರೆ ತೆರೀತಾವೆ. ಅದು ಎಚ್ಚರ ಅಲ್ಲ. ಮುಲುಗಿದ ತಕ್ಷಣ ಎತ್ತಿಕೊಂಡರೆ ಮಲಗಿದ್ದ ಮಗುವನ್ನ ನಾವೇ ಎಬ್ಬಿಸಿದ ಹಾಗೆ. ಒಂದು ನಿಮಿಷ ಕಾಯಿರಿ.

ವರ್ಷ ತುಂಬೋವರೆಗೂ ಬೆನ್ನ ಮೇಲೆಯೇ ಮಲಗಿಸಿ, ಗಟ್ಟಿ ಹಾಸಿಗೆ, ದಿಂಬು ಬೇಡ, ಮೆತ್ತನೆ ಹೊದಿಕೆ ಬೇಡ. ಸುಸ್ತಾಗಿದ್ದಾಗ ಮಗುವನ್ನ ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲಿ ಒರಗಲೇಬೇಡಿ. ಇದನ್ನ ಸುಮ್ಮನೆ ಹೇಳ್ತಿಲ್ಲ.

ಮಳೆಬಿಲ್ಲು · ಬುಧವಾರ, ಬೆಳಿಗ್ಗೆ 10:30

ಅಳೋಕೆ ಬಿಟ್ಟರೆ ತಾನೇ ಕಲಿಯುತ್ತೆ ಅಂತಾರಲ್ಲ? ನನಗದು ಒಪ್ಪಿಗೆ ಇಲ್ಲ. ಅಳುವ ಕೂಸನ್ನ ಬಾಗಿಲಾಚೆ ನಿಂತು ಕೇಳೋದು ನನ್ನಿಂದ ಆಗಲಿಲ್ಲ.

ರಾತ್ರಿಪಾಳಿ · ಬುಧವಾರ, ಮಧ್ಯಾಹ್ನ 2:15

ಆಗದಿದ್ದರೆ ಮಾಡಬೇಕಿಲ್ಲ. ಆದರೆ ಮಾಡಿದವರು ಮಗುವಿಗೆ ಕೇಡು ಮಾಡಿದರು ಅಂತಲೂ ಅನ್ನಬೇಡಿ. ಆಸ್ಟ್ರೇಲಿಯಾದಲ್ಲಿ 6ರಿಂದ 16 ತಿಂಗಳ 43 ಕೂಸುಗಳ ಮೇಲೆ ಮಾಡಿದ ಅಧ್ಯಯನ 2016ರಲ್ಲಿ ಬಂತು. ಸ್ವಲ್ಪ ಸ್ವಲ್ಪ ಹೊತ್ತು ಕಾದು ಹೋಗಿ ಸಮಾಧಾನ ಮಾಡಿದವರ ಮಕ್ಕಳಲ್ಲಿ, ವರ್ಷ ಕಳೆದ ಮೇಲೂ ತಾಯಿಯ ಜೊತೆಗಿನ ಬಾಂಧವ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಅಧ್ಯಯನ, ಕೊನೆಯ ಮಾತಲ್ಲ. ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ಇದು ಬೇಡವೇ ಬೇಡ.

ಪುಟ್ಟನ ಅಪ್ಪ · ಬುಧವಾರ, ರಾತ್ರಿ 9:50

ಸಂಜೆಮಲ್ಲಿಗೆ ಅವರೇ, ನಿಮ್ಮ ಮಗಳು ಗೊರಕೆ ಹೊಡೀತಾಳಾ? ಬಾಯಿ ತೆರೆದು ಮಲಗ್ತಾಳಾ? ದಯವಿಟ್ಟು ಇವತ್ತು ರಾತ್ರಿ ಅವಳಿಗೆ ನಿದ್ದೆ ಹತ್ತಿದ ಮೇಲೆ ಹತ್ತು ನಿಮಿಷ ಪಕ್ಕ ಕೂತು ಕೇಳಿಸಿಕೊಳ್ಳಿ.

ಯಾಕೆ ಕೇಳ್ತಿದ್ದೀನಿ ಅಂದರೆ, ನನ್ನ ಮಗ ಆರು ವರ್ಷದವನಿದ್ದಾಗ ರಾತ್ರಿ ಇಡೀ ಹಾಸಿಗೆಯಲ್ಲಿ ಗಿರಗಿರ ಸುತ್ತುತ್ತಿದ್ದ, ಕುತ್ತಿಗೆ ಹಿಂದಕ್ಕೆ ಚಾಚಿ ಮಲಗ್ತಿದ್ದ, ಬೆವರಿ ಒದ್ದೆಯಾಗ್ತಿದ್ದ. ನಿಂತಿದ್ದ ಹಾಸಿಗೆ ಒದ್ದೆ ಮಾಡೋ ಅಭ್ಯಾಸ ಮತ್ತೆ ಶುರುವಾಯ್ತು. ಶಾಲೆಯಲ್ಲಿ ಒಂದು ಕಡೆ ಕೂರಲ್ಲ, ಗಮನ ಇಲ್ಲ ಅಂತ ದೂರು. ಗೊರಕೆ ಹೊಡೀತಿದ್ದ, ಅದನ್ನ ನಾವು ಚೆನ್ನಾಗಿ ನಿದ್ದೆ ಮಾಡ್ತಿದ್ದಾನೆ ಅಂತ ತಿಳಿದಿದ್ವಿ. ಹಾಸಿಗೆ ಒದ್ದೆಯಾದ ಬೆಳಿಗ್ಗೆಗಳಲ್ಲಿ ನಾನು ಅವನನ್ನ ಬೈದಿದ್ದೀನಿ. ಒಂದು ಸಲ ಅವನೇ ಬೆಡ್‌ಶೀಟ್ ಸುತ್ತಿ ಬಚ್ಚಿಟ್ಟಿದ್ದ.

ಒಂದು ರಾತ್ರಿ ಪ್ರಯಾಣದಲ್ಲಿ ಪಕ್ಕದಲ್ಲೇ ಮಲಗಿದ್ದಾಗ ಗೊರಕೆ ನಿಂತಿತು. ಎಣಿಸಿದೆ, ಹನ್ನೊಂದು ಸೆಕೆಂಡ್ ಉಸಿರೇ ಇಲ್ಲ. ಆಮೇಲೆ ಗಕ್ ಅಂತ ಎಳೆದುಕೊಂಡ. ಮಾರನೇ ವಾರ ಕಿವಿ ಮೂಗು ಗಂಟಲು ವೈದ್ಯರ ಹತ್ತಿರ ಹೋದ್ವಿ. ಮೂಗಿನ ಹಿಂದಿರೋ ಅಡಿನಾಯ್ಡ್ ಮತ್ತು ಟಾನ್ಸಿಲ್ ಉಬ್ಬಿ ದಾರಿ ಮುಚ್ಚಿದ್ದವು. ಉಸಿರು ಕಟ್ಟಿದಾಗೆಲ್ಲ ಮಿದುಳು ಅವನನ್ನ ಅರೆ ಎಚ್ಚರ ಮಾಡ್ತಿತ್ತು. ಹತ್ತು ಗಂಟೆ ಮಲಗಿಯೂ ಅವನು ನಿದ್ದೆಗೆಟ್ಟ ಮಗುವೇ ಆಗಿದ್ದ. ನಿದ್ದೆ ಸಾಲದ ದೊಡ್ಡವರು ತೂಕಡಿಸ್ತಾರೆ, ಮಕ್ಕಳು ಹಾರಾಡ್ತಾರೆ. ಇದು ನನಗೆ ಗೊತ್ತಿರಲಿಲ್ಲ.

ಶಸ್ತ್ರಚಿಕಿತ್ಸೆ ಆಯ್ತು. ಎರಡು ತಿಂಗಳಲ್ಲಿ ಹಾಸಿಗೆ ಒಣಗಿತ್ತು. ಬೈದಿದ್ದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದ್ದೀನಿ.

ರಾತ್ರಿಪಾಳಿ · ಗುರುವಾರ, ಬೆಳಿಗ್ಗೆ 6:20

ಪುಟ್ಟನ ಅಪ್ಪ ಬರೆದಿದ್ದನ್ನ ಎಲ್ಲ ಪೋಷಕರೂ ಓದಬೇಕು. ನೆಗಡಿ ಇಲ್ಲದ ದಿನಗಳಲ್ಲೂ ವಾರದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ರಾತ್ರಿ ಗೊರಕೆ ಬಂದರೆ ತೋರಿಸಬೇಕು. ಫೋನಿನಲ್ಲಿ ಒಂದೆರಡು ನಿಮಿಷ ವಿಡಿಯೊ ಮಾಡಿಕೊಂಡು ಹೋದರೆ ವೈದ್ಯರಿಗೆ ಬಹಳ ಸಹಾಯ.

ಹಾಗಂತ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗೋದಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಹೀಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದ 5ರಿಂದ 9 ವರ್ಷದ 464 ಮಕ್ಕಳಲ್ಲಿ ಅರ್ಧ ಜನಕ್ಕೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರು, ಉಳಿದವರನ್ನ ಏಳು ತಿಂಗಳು ನಿಗಾ ಇಟ್ಟು ಕಾದರು. ಮಾಡಿಸಿಕೊಂಡವರಲ್ಲಿ ಶೇಕಡಾ 79 ಮಕ್ಕಳ ನಿದ್ರಾ ಪರೀಕ್ಷೆ ಸರಿಹೋಯ್ತು, ಕಾದವರಲ್ಲೂ ಶೇಕಡಾ 46. ಯಾವ ಮಗು ಯಾವ ಗುಂಪಿಗೆ ಅಂತ ವೈದ್ಯರೇ ನೋಡಿ ಹೇಳಬೇಕು.

ಮೈಯ ಕಾರಣ ಇನ್ನೂ ಇವೆ. ಮಲಗಿದಾಗ ಕಿವಿನೋವು ಹೆಚ್ಚಾಗುತ್ತೆ. ಇಸುಬಿನ ತುರಿಕೆ ರಾತ್ರಿ ಜೋರು. ಸಣ್ಣ ಬಿಳಿ ಜಂತುಹುಳ ಮೊಟ್ಟೆ ಇಡೋಕೆ ಹೊರಬರೋದು ರಾತ್ರಿಯೇ, ಮಗು ಹಿಂದೆ ಕೆರೆದುಕೊಳ್ತಾ ಒದ್ದಾಡುತ್ತೆ. ಕೆಮ್ಮು, ಆಸ್ತಮಾ ಕೂಡ ಬೆಳಗಿನ ಜಾವಕ್ಕೆ ಕೆದರುತ್ತೆ.

ಮಳೆಬಿಲ್ಲು · ಗುರುವಾರ, ಬೆಳಿಗ್ಗೆ 11:00

ನನ್ನ ಮಗಳು ದಿನಾ ಕಾಲು ಒತ್ತು ಅಂತಾಳೆ. ನೋವಾ ಅಂದರೆ ಅಲ್ಲ, ಒಳಗೆ ಏನೋ ಹರೀತಿದೆ ಅಂತಾಳೆ. ಕಾಲು ಅಲ್ಲಾಡಿಸ್ತಾನೇ ಇರ್ತಾಳೆ. ಬೆಳವಣಿಗೆಯ ನೋವು ಅಂತ ಬಿಟ್ಟಿದ್ದೀನಿ.

ರಾತ್ರಿಪಾಳಿ · ಗುರುವಾರ, ಸಂಜೆ 5:30

ಬಿಡಬೇಡಿ. ಕೂತಾಗ, ಮಲಗಿದಾಗ ಹೆಚ್ಚಾಗಿ, ಅಲ್ಲಾಡಿಸಿದರೆ ಕಡಿಮೆಯಾಗೋ ಈ ಚಡಪಡಿಕೆಗೆ ಕಬ್ಬಿಣದ ಕೊರತೆ ದೊಡ್ಡ ಕಾರಣ. ಹಿಮೋಗ್ಲೋಬಿನ್ ಸರಿ ಇದ್ದರೂ ಮೈಯ ಕಬ್ಬಿಣದ ದಾಸ್ತಾನು ಕಡಿಮೆ ಇರಬಹುದು. ಆ ದಾಸ್ತಾನು ತೋರಿಸೋ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಬೇಕಾ ಅಂತ ವೈದ್ಯರನ್ನ ಕೇಳಿ. ಕಬ್ಬಿಣದ ಔಷಧಿ ನೀವೇ ಶುರು ಮಾಡಬೇಡಿ, ಹೆಚ್ಚಾದರೆ ಅದು ವಿಷ.

ಔಷಧಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡ್ತೀನಿ. ನೆಗಡಿ ಕೆಮ್ಮಿನ ಸಿರಪ್ ಕೊಟ್ಟು ಮಲಗಿಸೋ ರೂಢಿ ಇದೆ. ದಯವಿಟ್ಟು ಬೇಡ. ಕೆಲವು ಮಕ್ಕಳು ಅದರಿಂದ ಉಲ್ಟಾ ಕೆರಳ್ತಾರೆ, ಪುಟಾಣಿಗಳಲ್ಲಿ ಉಸಿರಾಟಕ್ಕೇ ಅಪಾಯ ಆಗಬಹುದು. ಮೆಲಟೋನಿನ್ ಮಿಠಾಯಿಗಳನ್ನೂ ತಾವೇ ತರಿಸಿ ಕೊಡೋರಿದ್ದಾರೆ. 2023ರಲ್ಲಿ ಅಮೆರಿಕದಲ್ಲಿ ಅಂಥ 25 ಬಗೆಯ ಮಿಠಾಯಿಗಳನ್ನ ಪರೀಕ್ಷಿಸಿದಾಗ 22ರಲ್ಲಿ ಚೀಟಿಯ ಮೇಲಿದ್ದ ಪ್ರಮಾಣಕ್ಕೂ ಒಳಗಿದ್ದದ್ದಕ್ಕೂ ತಾಳೆ ಇರಲಿಲ್ಲ. ಒಂದರಲ್ಲಂತೂ ಮೆಲಟೋನಿನ್ ಇರಲೇ ಇಲ್ಲ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರೋ ಕೆಲವು ಮಕ್ಕಳಿಗೆ ವೈದ್ಯರು ಬರೆದುಕೊಡ್ತಾರೆ. ಅದು ಅವರ ಲೆಕ್ಕದಲ್ಲಿ, ಅವರ ಕಣ್ಣೆದುರು.

ಹೊಸ ಚಿಗುರು · ಗುರುವಾರ, ರಾತ್ರಿ 11:25

ನಮ್ಮವನದು ಬೇರೆ ಥರ. ಬೇಗ ಮಲಗ್ತಾನೆ. ಒಂದೂವರೆ ಗಂಟೆ ಆದ ಮೇಲೆ ಕಿಟಾರನೆ ಕಿರುಚಿ ಎದ್ದು ಕೂರ್ತಾನೆ, ಕಣ್ಣು ಬಿಟ್ಟಿರುತ್ತೆ, ನಾವು ಯಾರು ಅಂತಲೇ ಗುರುತಿಸಲ್ಲ. ಹಿಡಿಯೋಕೆ ಹೋದರೆ ತಳ್ತಾನೆ. ಕೆಟ್ಟ ಕನಸಾ?

ಹೊಂಗೆನೆರಳು · ಶುಕ್ರವಾರ, ಬೆಳಿಗ್ಗೆ 8:00

ಕೆಟ್ಟ ಕನಸಾದರೆ ಸಾಮಾನ್ಯವಾಗಿ ರಾತ್ರಿಯ ಕೊನೆ ಭಾಗದಲ್ಲಿ ಬೀಳುತ್ತೆ, ಮಗು ಪೂರ್ತಿ ಎಚ್ಚರವಾಗಿ ನಿಮ್ಮನ್ನ ತಬ್ಬಿಕೊಳ್ಳುತ್ತೆ, ಬೆಳಿಗ್ಗೆ ಅದನ್ನ ಹೇಳುತ್ತೆ. ನೀವು ಹೇಳ್ತಿರೋದು ಗಾಢ ನಿದ್ದೆಯಿಂದ ಅರೆಬರೆ ಹೊರಬಂದ ಸ್ಥಿತಿ. ಅವನು ಇನ್ನೂ ನಿದ್ದೆಯಲ್ಲೇ ಇದ್ದಾನೆ. ಎಬ್ಬಿಸಬೇಡಿ, ಅಲುಗಿಸಬೇಡಿ, ಬೀಳದ ಹಾಗೆ ಪಕ್ಕ ಕೂತಿರಿ, ತಾನೇ ಇಳಿಯುತ್ತೆ. ಬೆಳಿಗ್ಗೆ ಕೇಳಬೇಡಿ, ಅವನಿಗೆ ನೆನಪಿರೋದಿಲ್ಲ, ಸುಮ್ಮನೆ ಗಾಬರಿಯಾಗ್ತಾನೆ. ಜ್ವರ ಬಂದಾಗ, ನಿದ್ದೆ ಕಡಿಮೆಯಾದ ದಿನ ಹೆಚ್ಚು. ಮೈ ಸೆಟೆದುಕೊಂಡರೆ, ಒಂದೇ ರಾತ್ರಿ ಹಲವು ಸಲ ಆದರೆ ವೈದ್ಯರಿಗೆ ತೋರಿಸಿ.

ಗಣಿತದ ಮೇಷ್ಟ್ರು · ಶನಿವಾರ, ಸಂಜೆ 6:45

ಚಿಕ್ಕ ಮಕ್ಕಳ ಬಗ್ಗೆ ನನಗೆ ಹೆಚ್ಚು ತಿಳಿಯದು. ಆದರೆ ಹದಿನೈದು ಹದಿನಾರರ ಮಕ್ಕಳ ಪರವಾಗಿ ಒಂದು ಮಾತು. ಬೆಳಗಿನ ಮೊದಲ ತರಗತಿಯಲ್ಲಿ ಅವರ ಮುಖ ನೋಡುತ್ತೇನೆ, ಕಣ್ಣು ತೆರೆದೇ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ. ಮನೆಯಲ್ಲಿ ಸೋಮಾರಿ ಎಂದು ಬೈಸಿಕೊಂಡು ಬಂದಿರುತ್ತಾರೆ. ಪ್ರೌಢಾವಸ್ಥೆಯಲ್ಲಿ ಮೆಲಟೋನಿನ್ ಏರುವ ಹೊತ್ತೇ ಒಂದೆರಡು ಗಂಟೆ ತಡವಾಗುತ್ತದೆ. 10ಕ್ಕೆ ಮಲಗು ಎಂದರೆ ಬಹಳ ಮಕ್ಕಳಿಗೆ ನಿದ್ದೆ ಬಾರದು. ಆದರೂ ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘ ಇದನ್ನು ಕಂಡೇ 2014ರಲ್ಲಿ ಹರೆಯದ ಮಕ್ಕಳ ಶಾಲೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂದಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳಿಗೆ ಇದು ಕಾನೂನೇ ಆಗಿದೆ. ಫೋನು ಆ ತಡವನ್ನು ಇನ್ನೂ ಎಳೆಯುತ್ತದೆ, ಒಪ್ಪುತ್ತೇನೆ. ಆದರೆ ಫೋನು ಕಿತ್ತುಕೊಂಡ ಮೇಲೂ ನಿದ್ದೆ ಬರದೆ ಹೊರಳಾಡುವ ಮಗುವನ್ನು ಸುಳ್ಳುಗಾರ ಎನ್ನಬೇಡಿ. ಸಂಜೆಯ ಟೀ, ಕಾಫಿ, ಕೋಲಾ ನಿಲ್ಲಿಸಿ. ಕೆಫೀನ್ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು.

ಸಂಜೆಮಲ್ಲಿಗೆ · ಹನ್ನೆರಡು ದಿನದ ನಂತರ

ಹತ್ತು ದಿನ ಬರೆದಿಟ್ಟೆ. ಹೊಂಗೆನೆರಳು ಅವರೇ, ಪುಸ್ತಕ ನೋಡಿ ನನಗೇ ಆಶ್ಚರ್ಯ. ನಾನು 8:15ಕ್ಕೆ ಮಲಗಿಸಲಿ, 9ಕ್ಕೆ ಮಲಗಿಸಲಿ, ಬೈಯಲಿ, ಮುದ್ದು ಮಾಡಲಿ, ನಿದ್ದೆ ಹತ್ತಿದ್ದು 10:20ರಿಂದ 10:40ರ ಒಳಗೇ. ಎರಡು ಭಾನುವಾರ ಮನೆಯಲ್ಲಿ ಮಧ್ಯಾಹ್ನ ಮಲಗದೆ ಆಡಿದ್ದಳು, ಆ ಎರಡು ರಾತ್ರಿ ಮಾತ್ರ 9 ದಾಟಲಿಲ್ಲ.

ಗೊರಕೆ ಇಲ್ಲ, ಬಾಯಿ ಮುಚ್ಚಿಯೇ ಮಲಗ್ತಾಳೆ. ಮೂರು ರಾತ್ರಿ ಕೂತು ಕೇಳಿಸಿಕೊಂಡೆ. ಅಜ್ಜಿ, ಭಯದ ಬಗ್ಗೆ ಕೇಳಿದೆ. ಗುಮ್ಮ ಏನೂ ಇಲ್ಲವಂತೆ. "ನಿದ್ದೆ ಬರದಿದ್ದರೆ ನಿನಗೆ ಕೋಪ ಬರುತ್ತೆ, ಅದೇ ಭಯ" ಅಂದಳು.

ಮೊಮ್ಮಕ್ಕಳ ಅಜ್ಜಿ · ಅದೇ ದಿನ

ಹೇಳಿಕೊಂಡಿತಲ್ಲ ಮಗು, ಅದು ದೊಡ್ಡದು.

ಹೊಂಗೆನೆರಳು · ಅದೇ ದಿನ

ಹಾಗಾದರೆ ಇನ್ನು ಹೀಗೆ ಮಾಡಿ. ಡೇಕೇರ್‌ನವರ ಹತ್ತಿರ ಮಾತಾಡಿ ಹಗಲಿನ ನಿದ್ದೆ ಮುಕ್ಕಾಲು ಗಂಟೆಗೆ ಇಳಿಸಿ. ಒಂದೇ ಸಲ ಪೂರ್ತಿ ಬಿಡಿಸಿದರೆ ಸಂಜೆ ಸುಸ್ತಾಗಿ ಕೆರಳ್ತಾಳೆ. ರಾತ್ರಿ ಅವಳನ್ನ 10:15ಕ್ಕೇ ಮಲಗಿಸಿ. ಹೌದು, ಅಷ್ಟು ತಡವಾಗಿ. ಹಾಸಿಗೆಗೆ ಬಂದರೆ ನಿದ್ದೆ ಬರುತ್ತೆ ಅನ್ನೋದು ಮೊದಲು ಅವಳ ಮೈಗೆ ಗೊತ್ತಾಗಬೇಕು, ಎರಡು ಗಂಟೆಯ ಜಗಳ ಮರೆಯಬೇಕು. 15 ನಿಮಿಷದೊಳಗೆ ನಿದ್ದೆ ಹತ್ತಿದ ಮೇಲೆ ಮೂರು ದಿನಕ್ಕೊಮ್ಮೆ 15 ನಿಮಿಷ ಬೇಗ ಮಲಗಿಸ್ತಾ ಬನ್ನಿ. ಬೆಳಿಗ್ಗೆ 7, ರಜೆ ದಿನವೂ 7:30 ದಾಟಬಾರದು. ಎದ್ದ ಕೂಡಲೇ ಹೊರಗಿನ ಬೆಳಕಿಗೆ ಕರ್ಕೊಂಡು ಬನ್ನಿ, ಒಳಗಿನ ಗಡಿಯಾರ ಬೇಗದ ಹೊತ್ತಿಗೆ ಸರಿಯೋದು ಅದರಿಂದಲೇ.

ನೀರು, ಕಥೆ ಅಂತ ಎದ್ದು ಬರೋದಕ್ಕೆ ನಾವು ಒಂದು ಚೀಟಿ ಮಾಡಿಕೊಟ್ಟಿದ್ವಿ. ರಾತ್ರಿಗೆ ಒಂದೇ ಚೀಟಿ. ಕೊಟ್ಟು ಒಂದು ಸಲ ಏನು ಬೇಕಾದರೂ ಕೇಳಬಹುದು. ನಮ್ಮವನು ಬೇಕಾದರೆ ಇರಲಿ ಅಂತ ಅದನ್ನ ಕೈಯಲ್ಲಿ ಹಿಡಿದುಕೊಂಡೇ ಮಲಗಿಬಿಡ್ತಿದ್ದ.

ಸಂಜೆಮಲ್ಲಿಗೆ · ಒಂದು ತಿಂಗಳ ನಂತರ

ಈಗ 9:05ಕ್ಕೆ ಬಂದು ನಿಂತಿದ್ದೀವಿ. ಅದಕ್ಕಿಂತ ಬೇಗ ಮಲಗಿಸೋಕೆ ಎರಡು ಸಲ ನೋಡಿದೆ, ಹೊರಳಾಡಿದಳು, ಅಲ್ಲಿಗೇ ಬಿಟ್ಟೆ. ಮೊದಲ ವಾರ ಬಹಳ ಕಷ್ಟ ಆಯ್ತು. ಡೇಕೇರ್‌ನಲ್ಲಿ ಒಬ್ಬಳನ್ನೇ ಎಬ್ಬಿಸೋಕೆ ಆಗಲ್ಲ ಅಂದರು. ಎರಡು ಸಲ ಹೋಗಿ ಮಾತಾಡಿದ ಮೇಲೆ, ಎದ್ದ ಮಕ್ಕಳಿಗೆ ಮೂಲೆಯಲ್ಲಿ ಬಣ್ಣ ಹಚ್ಚೋಕೆ ಜಾಗ ಮಾಡಿಕೊಟ್ಟಿದ್ದಾರೆ. ಈಗ ಅಲ್ಲಿ ನಾಲ್ಕು ಮಕ್ಕಳು ಕೂರ್ತಾರಂತೆ. ಸಂಜೆ ಟ್ಯಾಬ್ ಬದಲು ಪಾತ್ರೆ ಒರೆಸಿ ಇಡೋಕೆ ಅವಳನ್ನೇ ಕರ್ಕೊಂಡಿದ್ದೀನಿ, ನಿಧಾನ ಆಗುತ್ತೆ, ಆದರೂ ಪರವಾಗಿಲ್ಲ.

ನಿನ್ನೆ ರಾತ್ರಿ ಚೀಟಿ ಕೊಟ್ಟಳು. ಏನು ಬೇಕು ಅಂದೆ. ಏನೂ ಬೇಡ, ಸುಮ್ಮನೆ ಕೂತಿರು ಅಂದಳು. ಕೂತೆ. 9:12ಕ್ಕೆ ಮಲಗಿದ್ದಳು.

ತೊಟ್ಟಿಲು · ಅದೇ ರಾತ್ರಿ 10:50

ನಮ್ಮವನು ಈಗ ರಾತ್ರಿಗೆ ಮೂರು ಸಲ ಏಳ್ತಾನೆ. ಎಂಟರಿಂದ ಮೂರಕ್ಕೆ ಇಳಿದಿದೆ. ರಾತ್ರಿಪಾಳಿ ಅಕ್ಕ, ಮೊದಲ ನಿದ್ದೆಗೆ ಚುಕ್ಕು ತಟ್ಟಿದರೆ ಸಾಕಾಗ್ತಿದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮಾತ್ರ ಹಾಲು ಬೇಕೇ ಬೇಕು ಅಂತಾನೆ. ಅದನ್ನ ಹಾಗೇ ಮುಂದುವರಿಸಲಾ?

ರಾತ್ರಿಪಾಳಿ · ಬೆಳಗಿನ ಜಾವ 4:05

ಮುಂದುವರಿಸಿ. ಎಂಟು ತಿಂಗಳ ಕೂಸಿಗೆ ಆ ಹೊತ್ತಿಗೆ ಹಸಿವಾಗೋದು ಸಹಜ.